ದೊಡ್ಡ ಅಳತೆಯ ವಿಂಟೇಜ್ ಉಡುಪು: ಲೇಬಲ್ ನಂಬಬೇಡಿ, ಟೇಪು ಹಿಡಿಯಿರಿ

ಪ್ರಶ್ನೆ: ನನಗೆ 1950ರಿಂದ 70ರ ದಶಕದವರೆಗಿನ ಉಡುಪುಗಳೆಂದರೆ ಬಹಳ ಇಷ್ಟ. ಆದರೆ ನಾನು ದಪ್ಪ ಮೈಯವಳು. ಎದೆ 46 ಇಂಚು, ಸೊಂಟ 41, ಹಿಪ್ 50. ಎತ್ತರ 5 ಅಡಿ 6 ಇಂಚು. ವಿಂಟೇಜ್ ಬಟ್ಟೆ ಮಾರುವ ಕಡೆ ಎಲ್ಲವೂ ಚಿಕ್ಕವೇ. ‘ಆಗ ಎಲ್ಲರೂ ಸಣ್ಣಗಿದ್ದರು, ನಿಮ್ಮ ಅಳತೆಯದು ಇರಲೇ ಇಲ್ಲ’ ಎನ್ನುತ್ತಾರೆ. ಇದು ನಿಜವಾ? ಈಗ ಆನ್‌ಲೈನ್‌ನಲ್ಲಿ 60ರ ದಶಕದ ಕೊನೆಯ ಒಂದು ಅಮೆರಿಕನ್ ಡ್ರೆಸ್ ಕಂಡಿದೆ. ಲೇಬಲ್‌ನಲ್ಲಿ 24½ ಅಂತಿದೆ. ಕೊಳ್ಳಬಹುದಾ? ನನ್ನಂಥವರು ಏನು ಹುಡುಕಬೇಕು, ಹೇಗೆ ಹಾಕಿಕೊಳ್ಳಬೇಕು?

ಉತ್ತರ: ‘ಇರಲೇ ಇಲ್ಲ’ ಎಂಬ ಮಾತು ಸುಳ್ಳು. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ. ಮೈಕೈ ತುಂಬಿಕೊಂಡ ಹೆಂಗಸರು ಎಲ್ಲ ಕಾಲದಲ್ಲೂ ಇದ್ದರು. ಅವರಿಗೆಂದೇ ಬಟ್ಟೆ ಹೊಲಿದು ಮಾರುವ ದೊಡ್ಡ ವ್ಯಾಪಾರವೂ ಇತ್ತು. ಲಿಥುವೇನಿಯಾದಿಂದ ಅಮೆರಿಕಕ್ಕೆ ಬಂದ ಲೀನಾ ಬ್ರಯಂಟ್ ಎಂಬ ಹೊಲಿಗೆಗಾರ್ತಿ 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂಗಡಿ ತೆರೆದರು. ಅದೇ ಮುಂದೆ ಲೇನ್ ಬ್ರಯಂಟ್ ಎಂಬ ಹೆಸರಿನಲ್ಲಿ ಬೆಳೆಯಿತು. ಮೊದಲು ಹೆಸರಾಗಿದ್ದು ಬಸುರಿಯರ ಉಡುಪಿಗೆ. ಆಮೇಲೆ ದಪ್ಪ ಮೈಯವರ ಉಡುಪಿಗೂ ಕೈ ಹಾಕಿದರು. 1923ರ ಹೊತ್ತಿಗೆ ಈ ಎರಡನೇ ವ್ಯಾಪಾರವೇ ಮೊದಲನೆಯದನ್ನು ಮೀರಿಸಿತ್ತು. ಆಗಿನ ಜಾಹೀರಾತುಗಳಲ್ಲಿ ಈ ಅಳತೆಗಳನ್ನು ‘ಸ್ಟೌಟ್’ ಎಂದು ಕರೆಯುತ್ತಿದ್ದರು. ಬ್ರಿಟನ್ನಿನಲ್ಲಿ ಲೇಬಲ್ ಮೇಲೆ ಡಬ್ಲ್ಯೂಎಕ್ಸ್, ಓಎಸ್ ಎಂಬ ಅಕ್ಷರಗಳು ಇರುತ್ತಿದ್ದವು. ಇವೆರಡೂ ದೊಡ್ಡ ಅಳತೆಯವೇ.

ಹಾಗಾದರೆ ಈಗ ಯಾಕೆ ಸಿಗುತ್ತಿಲ್ಲ? ಉಳಿದುಬಂದಿದ್ದು ಕಡಿಮೆ, ಅದಕ್ಕೆ. ಯಾವ ಬಟ್ಟೆ ಉಳಿಯುತ್ತದೆ ಯೋಚಿಸಿ. ಹದಿನೆಂಟರ ಹರೆಯದಲ್ಲಿ ಒಂದೇ ಒಂದು ಸಲ ಹಾಕಿ, ಆಮೇಲೆ ಮೈಗೆ ಆಗದೆ ಪೆಟ್ಟಿಗೆ ಸೇರಿದ ಬಟ್ಟೆ ಉಳಿಯುತ್ತದೆ. ಅದು ಸಹಜವಾಗಿಯೇ ಚಿಕ್ಕದು. ಆಯ್ಕೆ ಕಡಿಮೆ ಇದ್ದ ದಪ್ಪ ಮೈಯ ಹೆಂಗಸು ತನಗೆ ಸರಿಹೋದ ಎರಡು ಮೂರು ಉಡುಪುಗಳನ್ನೇ ಹರಿಯುವ ತನಕ ಹಾಕಿದಳು. ದೊಡ್ಡ ಡ್ರೆಸ್ಸಿನಲ್ಲಿ ಬಟ್ಟೆ ಜಾಸ್ತಿ. ಹಾಗಾಗಿ ಅದನ್ನು ಬಿಚ್ಚಿ ಮಕ್ಕಳಿಗೆ, ಸಣ್ಣ ಮೈಯವರಿಗೆ ಹೊಸದಾಗಿ ಹೊಲಿಯುವುದು ಸುಲಭವಾಗಿತ್ತು. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೂ ರೇಷನ್ ಇತ್ತು. ಅಂಥ ಕಾಲದಲ್ಲಿ ಅಗಲವಾದ ಲಂಗವನ್ನು ಕತ್ತರಿಸದೆ ಇಟ್ಟುಕೊಳ್ಳುವವರು ಎಷ್ಟು ಜನ?

ಇನ್ನೊಂದು ಕಾರಣ ಇಂದಿನದು. ಅಂಗಡಿಯ ಬೊಂಬೆಗೆ ಸರಿಹೋಗುವ ಅಳತೆಯನ್ನೇ ವ್ಯಾಪಾರಿಗಳು ಆರಿಸಿ ತರುತ್ತಾರೆ. ಉಳಿದ ದೊಡ್ಡ ಉಡುಪುಗಳಲ್ಲೂ ಎಷ್ಟೋ ‘ಬಟ್ಟೆ ಚೆನ್ನಾಗಿದೆ, ಕತ್ತರಿಸಿ ಚಿಕ್ಕದು ಮಾಡೋಣ’ ಎನ್ನುವವರ ಕೈ ಸೇರುತ್ತವೆ. ನನಗೆ ಇದು ನಿಜಕ್ಕೂ ಸಂಕಟ ಕೊಡುವ ವಿಷಯ. ಚಿಕ್ಕ ಅಳತೆಯವು ಬೇಕಾದಷ್ಟು ಇವೆ. ಎದೆ 46 ಇರುವ, ಯಾರೂ ಬದಲಿಸದೆ ಉಳಿದ 1950ರ ಡ್ರೆಸ್ ಒಂದನ್ನು ಕತ್ತರಿಸಿದರೆ ಅದಕ್ಕೆ ಬದಲಿ ಇಲ್ಲ.

ಈಗ ಅಂಕಿಗಳ ವಿಷಯಕ್ಕೆ ಬರೋಣ. ನಿಮ್ಮಂಥವರು ಅಂಗಡಿಯಿಂದ ಬೇಸರದಲ್ಲಿ ವಾಪಸ್ ಬರಲು ಮುಖ್ಯ ಕಾರಣವೇ ಈ ಅಂಕಿ. ಇಂದಿನ ಸೈಜ್‌ಗೂ ಅಂದಿನ ಸೈಜ್‌ಗೂ ಸಂಬಂಧವೇ ಇಲ್ಲ. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಹೆಂಗಸರ ಮೈಯನ್ನು ಅಳೆಸಿತು. ಒಬ್ಬೊಬ್ಬರಿಂದ 59 ಅಳತೆ. ಕೊನೆಗೆ ಲೆಕ್ಕಕ್ಕೆ ಹಿಡಿದಿದ್ದು ಬಿಳಿಯರ ಅಳತೆಗಳನ್ನು ಮಾತ್ರ, ಅಂದರೆ ಬುಡದಲ್ಲೇ ಅದು ಎಲ್ಲರ ಮೈಯ ಲೆಕ್ಕ ಆಗಿರಲಿಲ್ಲ. ಅದರ ಆಧಾರದ ಮೇಲೆ 1958ರಲ್ಲಿ ಅಲ್ಲಿ ಒಂದು ಅಳತೆಯ ಮಾನದಂಡ ಬಂತು. ಅದರಲ್ಲಿ ಸೈಜ್ 8 ಎಂದರೆ ಎದೆ 31 ಇಂಚು, ಸೊಂಟ 23½ ಇಂಚು! ಇಂದಿನ ಅಂಗಡಿಯಲ್ಲಿ 8 ಎಂದು ಬರೆದಿರುವುದನ್ನು ಅಳೆದು ನೋಡಿ, ಎಷ್ಟೋ ದೊಡ್ಡದು. 1983ರಲ್ಲಿ ಆ ಮಾನದಂಡವನ್ನೇ ಕೈಬಿಟ್ಟರು. ಅಲ್ಲಿಂದ ಮುಂದೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಆದ್ದರಿಂದ ಹಳೇ ಡ್ರೆಸ್ಸಿನಲ್ಲಿ 20 ಎಂದು ಕಂಡರೆ ‘ಇದು ನನಗೆ ದೊಡ್ಡದಾಗಬಹುದು’ ಎಂದುಕೊಳ್ಳಬೇಡಿ. ಅದು ಚಿಕ್ಕದಾಗುವ ಸಾಧ್ಯತೆಯೇ ಜಾಸ್ತಿ.

ನಿಮ್ಮ 24½ ಇದೆಯಲ್ಲ, ಅದು ಬೇರೆಯದೇ ಸಾಲು. ಅದನ್ನು ಹಾಫ್ ಸೈಜ್ ಎನ್ನುತ್ತಾರೆ. 14½, 16½, 18½ ಹೀಗೆ ಮೇಲಕ್ಕೆ ಹೋಗುತ್ತದೆ. ಎತ್ತರ ಕಡಿಮೆ, ಅಂದರೆ 5 ಅಡಿ 2-3 ಇಂಚು, ಸೊಂಟ ತುಂಬಿದ, ಬೆನ್ನು ಗಿಡ್ಡ ಇರುವ ಹೆಂಗಸರಿಗಾಗಿ ಮಾಡಿದ ಅಳತೆ ಇದು. ದಪ್ಪ ಮೈಯವರಿಗೆ ಇದೊಂದು ವರ. ಸಾಮಾನ್ಯ ಸೈಜ್‌ಗಳಲ್ಲಿ ಎದೆ ಸರಿಹೋದರೆ ಸೊಂಟ ಬಿಗಿ. ಇಲ್ಲಿ ಸೊಂಟಕ್ಕೆ ಜಾಗ ಬಿಟ್ಟಿರುತ್ತಾರೆ. 60ರ ದಶಕದ ಕೊನೆಯಿಂದ ಹೊಲಿಗೆ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ನಮೂನೆ) ಕಂಪನಿಗಳ ಪಟ್ಟಿಯಲ್ಲಿ 24½ ಎಂದರೆ ಎದೆ 47, ಸೊಂಟ 42½, ಹಿಪ್ 50½ ಇಂಚಿನ ಮೈ. ನಿಮ್ಮ ಅಳತೆಗೆ ಬಹಳ ಹತ್ತಿರ, ಅಲ್ವಾ? ಸಿದ್ಧ ಉಡುಪಿನ ಕಂಪನಿಗಳು ಇದೇ ಪಟ್ಟಿಯನ್ನು ಅಚ್ಚುಕಟ್ಟಾಗಿ ಪಾಲಿಸಿದ್ದವು ಎಂದೇನಿಲ್ಲ. ಆದರೂ ಅಂದಾಜಿಗೆ ಸಾಕು.

ತೊಂದರೆ ಇರುವುದು ನಿಮ್ಮ ಎತ್ತರದಲ್ಲಿ. ಈ ಡ್ರೆಸ್ಸಿನ ಸೊಂಟದ ಹೊಲಿಗೆ ನಿಮ್ಮ ಸೊಂಟಕ್ಕಿಂತ ಒಂದು ಇಂಚಿನಷ್ಟು ಮೇಲೆ, ಪಕ್ಕೆಲುಬಿನ ಹತ್ತಿರ ಬಂದು ಕೂರಬಹುದು. ಕತ್ತಿನ ಹಿಂಭಾಗದ ಮೂಳೆಯಿಂದ ಸೊಂಟದ ಹೊಲಿಗೆಯವರೆಗೆ ಎಷ್ಟಿದೆ ಎಂದು ಮಾರುವವರನ್ನು ಕೇಳಿ. ಸೊಂಟದಲ್ಲಿ ಹೊಲಿಗೆಯೇ ಇಲ್ಲದೆ ಭುಜದಿಂದ ನೇರ ಇಳಿಯುವ ಡ್ರೆಸ್ ಆದರೆ ಈ ಪ್ರಶ್ನೆಯೇ ಬರುವುದಿಲ್ಲ. ಆಗ ಉದ್ದ ಮಾತ್ರ ನೋಡಿಕೊಳ್ಳಿ. ಜೊತೆಗೆ ಇನ್ನು ನಾಲ್ಕು ಅಳತೆ ತರಿಸಿಕೊಳ್ಳಿ. ಡ್ರೆಸ್ಸನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಕಂಕುಳಿಂದ ಕಂಕುಳಿಗೆ ಒಂದು, ಸೊಂಟದಲ್ಲಿ ಒಂದು, ಹಿಪ್ ಅತಿ ಅಗಲ ಇರುವಲ್ಲಿ ಒಂದು, ತೋಳಿನ ಮೇಲ್ಭಾಗದಲ್ಲಿ ಒಂದು. ಈ ನಾಲ್ಕನ್ನೂ ಎರಡರಿಂದ ಗುಣಿಸಿ. ಎದೆ 49, ಸೊಂಟ 42, ಹಿಪ್ 53 ಬಂದರೆ ಧೈರ್ಯವಾಗಿ ಕೊಳ್ಳಿ. ಎದೆ 46 ಬಂದರೆ ಬಿಟ್ಟುಬಿಡಿ. ಬಟ್ಟೆಯ ಅಳತೆಯೂ ಮೈಯ ಅಳತೆಯೂ ಒಂದೇ ಆದರೆ ಗುಂಡಿ ಹಾಕಬಹುದು, ಉಸಿರಾಡಲು ಆಗುವುದಿಲ್ಲ.

ಎಷ್ಟು ಸಡಿಲ ಬೇಕು ಎಂಬುದು ಬಟ್ಟೆಯ ಮೇಲೆ ಹೋಗುತ್ತದೆ. ಹಿಗ್ಗದ ಬಟ್ಟೆಗೆ ಎದೆ ಮತ್ತು ಹಿಪ್‌ಗೆ ಮೂರು ಇಂಚು, ಸೊಂಟಕ್ಕೆ ಒಂದು ಒಂದೂವರೆ ಇಂಚು ಜಾಸ್ತಿ ಇರಬೇಕು. ಹಿಪ್‌ಗೆ ಯಾವತ್ತೂ ಜಿಪುಣತನ ಬೇಡ. ನಿಂತಾಗ ಸರಿಯಾಗಿದ್ದದ್ದು ಕೂತಾಗ ಬಿಗಿಯುತ್ತದೆ. ಇನ್ನು ಜನ ಮರೆಯುವ ಅಳತೆ ರಟ್ಟೆಯದು. ಎದೆ, ಸೊಂಟ ಎಲ್ಲ ಸರಿಯಾಗಿ, ತೋಳು ಮಾತ್ರ ಮೇಲೇರದೆ ಎಷ್ಟು ಡ್ರೆಸ್ಸುಗಳು ವಾಪಸ್ ಹೋಗುತ್ತವೋ! ಹಳೇ ಉಡುಪುಗಳಲ್ಲಿ ಕಂಕುಳು ಮೇಲಕ್ಕಿರುತ್ತದೆ, ತೋಳು ಕಿರಿದಾಗಿರುತ್ತದೆ. ನಿಮ್ಮ ರಟ್ಟೆಯ ಸುತ್ತಳತೆಗಿಂತ ಒಂದೂವರೆ ಎರಡು ಇಂಚು ಜಾಸ್ತಿ ಇದ್ದರೆ ಕೈ ಎತ್ತಬಹುದು. ಬೆನ್ನಿನ ಅಗಲವೂ ಹಾಗೇ. ಎರಡೂ ಕೈ ಮುಂದೆ ಚಾಚಿದಾಗ ಬೆನ್ನಿನ ಹೊಲಿಗೆಯ ಮೇಲೆ ಬೀಳುವ ಎಳೆತ ದೊಡ್ಡದು.

ಇದಕ್ಕೆಲ್ಲ ಒಂದು ಸುಲಭ ಉಪಾಯ ಇದೆ. ನಿಮ್ಮ ಬಳಿ ಇರುವ, ಹಾಕಿಕೊಂಡರೆ ಹಾಯೆನಿಸುವ, ಹಿಗ್ಗದ ಬಟ್ಟೆಯ ಒಂದು ಡ್ರೆಸ್ಸನ್ನು ನೆಲದ ಮೇಲೆ ಹಾಸಿ ಹೀಗೇ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮಾರುವವರು ಕೊಟ್ಟ ಅಳತೆಯನ್ನು ಮೈಗೆ ಹೋಲಿಸುವ ಬದಲು ಈ ಅಂಕಿಗಳಿಗೆ ಹೋಲಿಸಿ. ತಪ್ಪುವುದು ಕಡಿಮೆ.

ಯಾವ ದಶಕದ ಉಡುಪು ಹುಡುಕಬೇಕು? ನೀವು 50, 60, 70 ಎಂದಿದ್ದೀರಿ. ನನ್ನ ಸಲಹೆ, 60ರ ಕೊನೆಯಿಂದ ಶುರು ಮಾಡಿ, 80ರವರೆಗೂ ಹೋಗಿ. 50ರ ದಶಕ ಆಮೇಲೆ ನೋಡೋಣ.

ಕಾರಣ ಹೇಳುತ್ತೇನೆ. 1947ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಕ್ರಿಸ್ಟಿಯನ್ ಡಿಯೋರ್ ತಂದ ಹೊಸ ಶೈಲಿ ಸೊಂಟವನ್ನು ಬಿಗಿದು ಲಂಗವನ್ನು ಅರಳಿಸಿತು. ಮುಂದಿನ ಹತ್ತು ವರ್ಷ ಅದೇ ಆಳಿತು. ಒಳಗೆ ಗರ್ಡಲ್, ಅಂದರೆ ಹೊಟ್ಟೆ ಸೊಂಟ ಬಿಗಿಯುವ ಒಳ ಉಡುಪು ಹಾಕಿದ ಮೈಗೆ ಹೊಲಿದ ಸೊಂಟ ಅದು. ಗರ್ಡಲ್ ಇಲ್ಲದ ನಮ್ಮ ಸೊಂಟಕ್ಕೆ ಅದು ಬಿಗಿಯೇ. ಆದರೆ 1958ರಲ್ಲಿ ಅದೇ ಡಿಯೋರ್ ಸಂಸ್ಥೆಯಲ್ಲಿ ಯೀವ್ ಸಾಂ ಲೊರಾಂ ಭುಜದಿಂದ ಅಗಲವಾಗುತ್ತಾ ಇಳಿಯುವ ಟ್ರಪೀಜ್ ಆಕಾರ ತಂದರು. 60ರ ದಶಕದ ಟೆಂಟ್ ಡ್ರೆಸ್ಸುಗಳು ಆ ದಾರಿಯವೇ. ಭುಜ ಮತ್ತು ಎದೆ ಹೊಂದಿದರೆ ಸಾಕು, ಕೆಳಗೆ ಬೇಕಾದಷ್ಟು ಜಾಗ. 70ರಲ್ಲಿ ಕಫ್ತಾನು, ಮ್ಯಾಕ್ಸಿ, ಸುತ್ತಿ ಕಟ್ಟುವ ಡ್ರೆಸ್ಸು, ಹಿಗ್ಗುವ ಪಾಲಿಯೆಸ್ಟರ್ ಹೆಣಿಗೆ. ಡಯಾನ್ ವಾನ್ ಫರ್ಸ್ಟನ್‌ಬರ್ಗ್ ಅವರ ಹೆಸರಾದ ಸುತ್ತು ಡ್ರೆಸ್ 1974ರದು. ಅದರಿಂದ ಹುಟ್ಟಿದ ಅಗ್ಗದ ನಕಲುಗಳು ದೊಡ್ಡ ಅಳತೆಯಲ್ಲೂ ಇವೆ. ಸುತ್ತು ಡ್ರೆಸ್ ನೋಡುವಾಗ ಒಂದು ಎಚ್ಚರ. ಸುತ್ತಿದ ಮೇಲೆ ಒಂದು ಮಡಿಕೆ ಇನ್ನೊಂದರ ಮೇಲೆ ಕನಿಷ್ಠ ಎಂಟು ಇಂಚು ಬರಬೇಕು. ಇಲ್ಲದಿದ್ದರೆ ಕೂತಾಗ ತೆರೆದುಕೊಳ್ಳುತ್ತದೆ. 80ರ ದಶಕದಲ್ಲಂತೂ ಸಡಿಲವೇ ಫ್ಯಾಷನ್. ಎಲಾಸ್ಟಿಕ್ ಸೊಂಟ, ಅಗಲ ಭುಜ, ದೊಡ್ಡ ತೋಳು. ಭುಜದ ಪ್ಯಾಡ್ ಇಷ್ಟವಿಲ್ಲದಿದ್ದರೆ ನಾಲ್ಕು ಹೊಲಿಗೆ ಕತ್ತರಿಸಿದರೆ ಹೊರಗೆ ಬರುತ್ತದೆ.

50ರ ದಶಕವೇ ಬೇಕು ಎಂದರೆ ಅರಳಿದ ಲಂಗದ ಡ್ರೆಸ್ ಹುಡುಕಿ. ಅಲ್ಲಿ ಹಿಪ್ ಲೆಕ್ಕಕ್ಕೇ ಬರುವುದಿಲ್ಲ. ಎದೆ, ಸೊಂಟ ಎರಡೇ ನೋಡಿದರೆ ಸಾಕು. ಅದಕ್ಕಿಂತ ಸುಲಭ ಆ ಕಾಲದ ಸ್ವಿಂಗ್ ಕೋಟು. ಕೆಳಗೆ ಗಂಟೆಯ ಹಾಗೆ ಅಗಲವಾಗುವ ಕೋಟು ಅದು. ಸೈಜ್ ಎಷ್ಟೇ ಇರಲಿ, ಭುಜ ಮತ್ತು ರಟ್ಟೆ ಹಿಡಿಸಿದರೆ ಗುಂಡಿ ಹಾಕದೆಯೂ ಸೊಗಸು. 40ರ ದಶಕದ ಉಡುಪು ಕಷ್ಟ. 1942ರಿಂದ ಅಮೆರಿಕದಲ್ಲಿ ಯುದ್ಧದ ಕಾರಣಕ್ಕೆ ಲಂಗದ ಅಗಲ, ಉದ್ದಕ್ಕೆಲ್ಲ ಸರ್ಕಾರ ಮಿತಿ ಹಾಕಿತ್ತು. ಆದರೆ ಆ ಕಾಲದ ಮನೆಯಲ್ಲಿ ಹಾಕುವ, ಮುಂದೆ ಸುತ್ತಿ ಕಟ್ಟುವ ಹತ್ತಿಯ ಡ್ರೆಸ್ಸುಗಳು ಸಿಕ್ಕರೆ ಬಿಡಬೇಡಿ. 30ರ ದಶಕದ ಕ್ರಾಸ್ ಆಗಿ ಕತ್ತರಿಸಿ ಹೊಲಿದ ಗೌನುಗಳು ಮೈಯ ಮೇಲೆ ಹಿಗ್ಗಿ ಕೂರುತ್ತವೆ. ಚಪ್ಪಟೆ ಹಾಸಿ ಅಳೆದದ್ದಕ್ಕಿಂತ ಎರಡು ಮೂರು ಇಂಚು ಜಾಸ್ತಿ ಹಿಡಿಸಬಹುದು.

ಹುಡುಕುವ ಪದಗಳೇ ಅರ್ಧ ಕೆಲಸ. ಮಾರುವವರು ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ, ಹಾಗಾಗಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ. ‘ವೊಲಪ್’ (volup) ಎಂಬುದು ದೊಡ್ಡ ಅಳತೆಯ ವಿಂಟೇಜ್‌ಗೆ ವ್ಯಾಪಾರಿಗಳು ಬಳಸುವ ಪದ. ಅದರ ಜೊತೆಗೆ ‘ಹಾಫ್ ಸೈಜ್’, ‘ಸ್ಟೌಟ್’, ‘ಔಟ್‌ಸೈಜ್’ ಕೂಡ ಹಾಕಿ ನೋಡಿ. ‘ಬಸ್ಟ್ 48’, ‘ಬಸ್ಟ್ 50’ ಎಂದು ಅಳತೆಯನ್ನೇ ಕೊಟ್ಟರೆ ಇನ್ನೂ ಒಳ್ಳೆಯದು. ಸೈಜ್ ಫಿಲ್ಟರ್ ಒತ್ತಲೇಬೇಡಿ. ಹಳೇ ಬಟ್ಟೆಗೆ ಮಾರುವವರು ತಮಗೆ ತೋಚಿದ ಸೈಜ್ ಹಾಕಿರುತ್ತಾರೆ.

ಇನ್ನು ಹೆಸರೇ ಬೇರೆ ಇರುವ, ಆದರೆ ಹೊರಗೆ ಧಾರಾಳವಾಗಿ ಹಾಕಬಹುದಾದ ಉಡುಪುಗಳಿವೆ. ಹೌಸ್‌ಕೋಟು ಮತ್ತು ಡ್ರೆಸ್ಸಿಂಗ್ ಗೌನುಗಳು ಅಂಥವು. ಮೊದಲಿನಿಂದಲೂ ಸಡಿಲ, ಎಷ್ಟೋ ಸಲ ಒಳ್ಳೆಯ ಬಟ್ಟೆ. ಬೆಲ್ಟ್ ಕಟ್ಟಿ ಹಾಕಿದರೆ ಯಾರೂ ಮಲಗುವ ಉಡುಪು ಎನ್ನುವುದಿಲ್ಲ. ಹವಾಯಿಯ ಮೂಮೂ ಎಂಬ ಉದ್ದನೆಯ ಹೂವಿನ ಡ್ರೆಸ್ಸುಗಳು ಭುಜದಿಂದ ನೇರ ಇಳಿಯುತ್ತವೆ. ಬಸುರಿಯರ ಡ್ರೆಸ್ಸುಗಳಲ್ಲಿ ಹೊಟ್ಟೆಗೆ ಜಾಗ ಇದೆ, ಆದರೆ ಭುಜ ಕಿರಿದು, ಅಳೆದೇ ಕೊಳ್ಳಿ. ಗಂಡಸರ ಉಡುಪಿನ ಕಡೆಗೂ ಹೋಗಿ. ಅಲ್ಲಿ ಶರ್ಟು, ಸ್ವೆಟರು, ಕೋಟು ಎದೆ ಅಳತೆಯ ಮೇಲೆ ಮಾರಾಟವಾಗುತ್ತಿದ್ದವು, 48-50 ಅಪರೂಪವಲ್ಲ. ಹಿಪ್ ಹತ್ತಿರ ಬಿಗಿಯಾದರೆ ಕೆಳಗಿನ ಎರಡು ಗುಂಡಿ ಬಿಟ್ಟು ಹಾಕಿ.

ಎಲ್ಲಕ್ಕಿಂತ ನನ್ನ ಮೆಚ್ಚಿನವು ಲೇಬಲ್ಲೇ ಇಲ್ಲದ ಉಡುಪುಗಳು. ಮನೆಯಲ್ಲೋ ಊರಿನ ದರ್ಜಿಯ ಹತ್ತಿರವೋ ಒಬ್ಬ ಹೆಂಗಸು ತನ್ನ ಮೈಗೆ ತಕ್ಕಂತೆ ಹೊಲಿಸಿಕೊಂಡವು. ಯಾವ ಕಂಪನಿಯ ಪಟ್ಟಿಗೂ ಹೊಂದದ ಮೈಗಳು ಅಲ್ಲಿ ಸಿಗುತ್ತವೆ. ದೊಡ್ಡ ಎದೆ ಸಣ್ಣ ಭುಜ, ಅಗಲ ಹಿಪ್ ಗಿಡ್ಡ ಬೆನ್ನು, ದಪ್ಪ ರಟ್ಟೆ. ಲೇಬಲ್ ಇಲ್ಲದ್ದರಿಂದ ಹೆಚ್ಚು ಜನ ಅವನ್ನು ದಾಟಿ ಹೋಗುತ್ತಾರೆ. ನೀವು ನಿಂತು ನೋಡಿ.

ಕೈಗೆ ಬಂದ ಬಟ್ಟೆಯನ್ನು ಮೊದಲು ಒಳಗು ಹೊರಗು ಮಾಡಿ. ಹೊರಗಡೆ ಅಂದ ನೋಡುವುದು ಆಮೇಲೆ. ಕಂಕುಳಿನ ಹತ್ತಿರ ಎರಡು ಬೆರಳು ಒಳಗೆ ಹಾಕಿ ಬೆಳಕಿಗೆ ಹಿಡಿಯಿರಿ. ಅಲ್ಲಿ ಬಟ್ಟೆ ಗಟ್ಟಿಯಾಗಿ ಹಳದಿಯಾಗಿದ್ದರೆ ಬೆವರು ತಿಂದಿದೆ. ಎಳೆ ತೆಳ್ಳಗಾಗಿ ಬೆಳಕು ಜಾಸ್ತಿ ತೂರಿದರೆ ಅದು ಮೊದಲ ಸಲ ಕೈ ಎತ್ತಿದಾಗಲೇ ಹರಿಯುತ್ತದೆ. ಹೊಲಿಗೆಯ ಎರಡೂ ಬದಿಯ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸೂಜಿಯ ತೂತುಗಳು ಬಾಯಿ ಬಿಟ್ಟು ಏಣಿಯ ಹಾಗೆ ಕಂಡರೆ, ಅದು ನಿಮ್ಮ ಮೈಯ ಎಳೆತ ತಡೆಯುವುದಿಲ್ಲ. 1930ಕ್ಕಿಂತ ಹಿಂದಿನ ರೇಷ್ಮೆಯಲ್ಲಿ ಇನ್ನೊಂದು ಕಾಟ. ಆಗ ರೇಷ್ಮೆಗೆ ತೂಕ ಬರಲು ಲೋಹದ ಲವಣ ಹಾಕುತ್ತಿದ್ದರು. ಅದು ಎಳೆಯನ್ನು ಒಳಗೊಳಗೇ ತಿಂದು, ಬಟ್ಟೆ ಮಡಿಕೆಯ ಗುಂಟ ಸೀಳುತ್ತದೆ. ಅದಕ್ಕೆ ರಿಪೇರಿ ಇಲ್ಲ. ಹತ್ತಿ, ಉಣ್ಣೆ, ಪಾಲಿಯೆಸ್ಟರ್ ಗಟ್ಟಿ ಇದ್ದರೆ ಉಳಿದದ್ದನ್ನು ನಿಭಾಯಿಸಬಹುದು.

ಒಳಗಡೆ ನೋಡುವಾಗಲೇ ಕಾಲವೂ ತಿಳಿಯುತ್ತದೆ. ಸೈಜ್ ಅಂಕಿಯ ಅರ್ಥ ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಇದು ಮುಖ್ಯ. ಲೋಹದ ಜಿಪ್ ಇದ್ದರೆ ಹೆಚ್ಚಾಗಿ 60ರ ದಶಕದ ನಡುವಿಗಿಂತ ಹಿಂದಿನದು. ಅಮೆರಿಕದ ಡ್ರೆಸ್ಸಿನಲ್ಲಿ ಒಗೆಯುವ ವಿಧಾನದ ಲೇಬಲ್ ಹೊಲಿದಿದ್ದರೆ ಅದು ಬಹುಮಟ್ಟಿಗೆ 1972ರ ನಂತರದ್ದು. ಆ ವರ್ಷ ಅಲ್ಲಿ ಅದು ಕಡ್ಡಾಯವಾಯಿತು. ಕೆಂಪು, ಬಿಳಿ, ನೀಲಿ ಬಣ್ಣದ ಮಹಿಳಾ ಉಡುಪು ಕಾರ್ಮಿಕರ ಸಂಘದ ಲೇಬಲ್ ಕಂಡರೆ 1974ರಿಂದ 95ರ ನಡುವಿನದು.

ಪಕ್ಕದ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಚೆನ್ನಾಗಿ ಹೊಲಿದ ಹಳೇ ಉಡುಪುಗಳಲ್ಲಿ ಒಂದು ಇಂಚು ಇರುವುದುಂಟು. ಪ್ರತಿ ಬದಿಯಲ್ಲಿ ಅರ್ಧರ್ಧ ಇಂಚು ಬಿಚ್ಚಿದರೂ ಎರಡು ಪಕ್ಕದ ಹೊಲಿಗೆ ಸೇರಿ ಒಟ್ಟು ಎರಡು ಇಂಚು ಸಿಗುತ್ತದೆ. ಬಿಚ್ಚುವ ಮುಂಚೆ ಒಳಗಿನ ಬಣ್ಣವನ್ನು ಹೊರಗಿನ ಬಣ್ಣಕ್ಕೆ ಹೋಲಿಸಿ. ಹೊರಗೆ ಬಿಸಿಲಿಗೆ ಮಾಸಿದ್ದರೆ ಬಿಚ್ಚಿದ ಜಾಗ ಪಟ್ಟಿಯ ಹಾಗೆ ಎದ್ದು ಕಾಣುತ್ತದೆ. ಅದಕ್ಕೂ ಸಾಲದಿದ್ದರೆ ಕಂಕುಳಿಂದ ಅಂಚಿನವರೆಗೆ ಎರಡೂ ಪಕ್ಕಕ್ಕೆ ಪಟ್ಟಿ ಕೊಡಿಸಿ. ಕೆಳಗಿನ ಮಡಿಕೆ ಅಗಲವಾಗಿದ್ದರೆ, ಅಥವಾ ಅದೇ ಬಟ್ಟೆಯ ಬೆಲ್ಟ್ ಇದ್ದರೆ, ಅಲ್ಲಿಂದಲೇ ಕಂಕುಳ ಹತ್ತಿರಕ್ಕಾಗುವಷ್ಟು ಬಟ್ಟೆ ತೆಗೆಯಬಹುದು. ಸಿಗದಿದ್ದರೆ ಬೇರೆ ಬಣ್ಣದ ಪಟ್ಟಿ ಕೊಟ್ಟು, ಅದೇ ಬಟ್ಟೆಯನ್ನು ಕತ್ತಿನಲ್ಲೋ ತೋಳಿನ ಅಂಚಿನಲ್ಲೋ ಇನ್ನೊಮ್ಮೆ ಬಳಸಿ. ಬೇಕೆಂದೇ ಹೊಲಿದ ಹಾಗೆ ಕಾಣುತ್ತದೆ. ತೋಳು ಬಿಗಿಯಾದರೆ ಕಂಕುಳಲ್ಲಿ ವಜ್ರದ ಆಕಾರದ ಸಣ್ಣ ತುಂಡು ಕೂರಿಸಿದರೆ ಕೈ ಸರಾಗ ಏಳುತ್ತದೆ. ಸೊಂಟ ಮೇಲೆ ಕೂತರೆ ಮೇಲ್ಭಾಗಕ್ಕೂ ಲಂಗಕ್ಕೂ ನಡುವೆ ಒಂದು ಪಟ್ಟಿ ಸೇರಿಸಿ ಬೆಲ್ಟ್ ಕಟ್ಟಿ. ನಿಮ್ಮ 24½ಕ್ಕೆ ಬೇಕಾಗಬಹುದಾದ್ದು ಇದೊಂದೇ.

ಟೇಲರ್‌ಗೆ ಕೊಡುವಾಗ ಎರಡು ಮಾತು ಹೇಳಿ. ಹತ್ತಿಯ ದಾರ ಹಾಕಲಿ. ಪಾಲಿಯೆಸ್ಟರ್ ದಾರ ಹಳೇ ಬಟ್ಟೆಗಿಂತ ಗಟ್ಟಿ. ಎಳೆತ ಬಿದ್ದಾಗ ದಾರ ತುಂಡಾಗುವ ಬದಲು ಬಟ್ಟೆಯೇ ಹರಿಯುತ್ತದೆ. ಹಾಗೇ ಹೊಲಿಗೆಯ ಒಳಗೆ ಬಿಟ್ಟಿರುವ ಬಟ್ಟೆಯನ್ನು ಕತ್ತರಿಸಿ ಎಸೆಯದಿರಲಿ.

ಇದೆಲ್ಲ ಗೋಜು ಬೇಡ ಎಂದರೆ ಹಳೇ ಪ್ಯಾಟರ್ನ್ ಕೊಂಡು ಹೊಸ ಬಟ್ಟೆಯಲ್ಲಿ ಹೊಲಿಸಬಹುದು. ಅಲ್ಲೂ ಅಂಕಿ ಮೋಸ ಮಾಡುತ್ತದೆ. 1956ಕ್ಕಿಂತ ಹಿಂದೆ ಪ್ಯಾಟರ್ನ್ ಸೈಜ್ 14 ಎಂದರೆ ಎದೆ 32 ಇಂಚು, ಆಮೇಲೆ 34, 1968ರ ಹೊತ್ತಿಗೆ 36. ಕವರ್ ಮೇಲೆ ಎದೆಯ ಅಳತೆ ಬರೆದಿರುತ್ತದೆ, ಅದನ್ನೇ ನೋಡಿ.

ಹೇಗೆ ಹಾಕಿಕೊಳ್ಳಬೇಕು ಎಂದು ಕೇಳಿದ್ದೀರಿ. ಚೆನ್ನಾಗಿ ಕಾಣುತ್ತದಾ ಎಂಬ ಅನುಮಾನವೂ ಇರಬಹುದು. ಕಾಣುತ್ತದೆ. ದಪ್ಪ ಮೈಯವರು ಕಪ್ಪು ಬಣ್ಣ, ಉದ್ದುದ್ದ ಗೆರೆ ಮಾತ್ರ ಹಾಕಬೇಕು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಆ ಸಲಹೆಯ ಗುರಿಯೇ ನಿಮ್ಮನ್ನು ಚಿಕ್ಕದಾಗಿ ತೋರಿಸುವುದು. ನೀವು ಈ ಉಡುಪು ಹುಡುಕುತ್ತಿರುವುದು ಅದಕ್ಕಲ್ಲವಲ್ಲ. ದೊಡ್ಡ ಹೂವಿನ 70ರ ಮ್ಯಾಕ್ಸಿ ಅಗಲವಾದ ಮೈಯ ಮೇಲೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದೇ ಹೂವು ಸಣ್ಣ ಮೈಯ ಮೇಲೆ ಅರ್ಧಕ್ಕೇ ಮಡಚಿಹೋಗುತ್ತದೆ. ನಾನು ನೋಡುವುದು ಎರಡನ್ನೇ. ಭುಜದ ಹೊಲಿಗೆ ಭುಜದ ತುದಿಯಲ್ಲೇ ಇದೆಯಾ? ಎದೆಯ ಟಕ್ಸ್‌ನ (ಆಕಾರಕ್ಕಾಗಿ ಬಟ್ಟೆ ಮಡಿಸಿ ಹಾಕಿದ ಹೊಲಿಗೆ) ತುದಿ ನಿಮ್ಮ ಎದೆಯ ತುದಿಯ ಕಡೆಗೇ ಇದೆಯಾ? ಇವೆರಡು ಕೂತರೆ ಉಳಿದದ್ದು ತಾನಾಗಿ ಕೂರುತ್ತದೆ. 50ರ ಡ್ರೆಸ್ಸುಗಳಲ್ಲಿ ಟಕ್ಸ್ ಮೇಲಕ್ಕಿರುತ್ತದೆ. ಆಗಿನ ಬ್ರಾ ಎದೆಯನ್ನು ಎತ್ತಿ ಮುಂದಕ್ಕೆ ಹಿಡಿಯುತ್ತಿತ್ತು. ಬ್ರಾದ ಪಟ್ಟಿ ಸ್ವಲ್ಪ ಎಳೆದು ಬಿಗಿ ಮಾಡಿ ನೋಡಿ, ಎದೆಯ ಕೆಳಗಿನ ಸುಕ್ಕು ಹೋಗುತ್ತದೆ. ಗರ್ಡಲ್ ಹಾಕಲೇಬೇಕು ಎಂದೇನಿಲ್ಲ. ಒಂದು ಇಂಚು ದೊಡ್ಡದು ಕೊಂಡರಾಯಿತು.

ಒಳಗೆ ನುಣುಪಾದ ಸ್ಲಿಪ್ ಹಾಕಿ. ಬಟ್ಟೆ ಮೈಗೆ ಅಂಟುವುದಿಲ್ಲ, ಹೊಲಿಗೆಯ ಮೇಲಿನ ಎಳೆತವೂ ಕಡಿಮೆ. ನಡೆಯುವಾಗ ತೊಡೆ ಉಜ್ಜಿ ಉರಿಯುತ್ತಿದ್ದರೆ ಅದರೊಳಗೆ ತೆಳು ಹತ್ತಿಯ ಶಾರ್ಟ್ಸ್. ಹೊಸದಾಗಿ ತಂದದ್ದನ್ನು ಮೊದಲು ಮನೆಯಲ್ಲೇ ಒಂದು ಗಂಟೆ ಹಾಕಿಕೊಂಡು ಕೂತು, ಬಗ್ಗಿ, ಕೈ ಎತ್ತಿ ಓಡಾಡಿ. ಹರಿಯುವುದಿದ್ದರೆ ಮನೆಯಲ್ಲೇ ಹರಿಯಲಿ. ತಲೆಯಿಂದ ಕಾಲಿನವರೆಗೆ ಒಂದೇ ಕಾಲದ್ದು ಹಾಕುವ ಹಟ ಬೇಡ. ಹಳೇ ಬ್ಲೌಸಿಗೆ ಇಂದಿನ ಪ್ಯಾಂಟು, ಇಂದಿನ ಡ್ರೆಸ್ಸಿಗೆ 60ರ ಕೋಟು ಚೆನ್ನಾಗಿ ಹೊಂದುತ್ತವೆ. ಸ್ಕಾರ್ಫು, ಬ್ರೋಚು, ಕೈಚೀಲಕ್ಕೆ ಸೈಜ್ ಇಲ್ಲ, ಆದರೆ ಅಷ್ಟರಲ್ಲೇ ತೃಪ್ತಿಪಡಿ ಎಂದು ನಿಮಗೆ ಹೇಳುವವರ ಮಾತು ಕೇಳಬೇಡಿ.

ಕೊನೆಯದಾಗಿ ಒಗೆತ ಮತ್ತು ಜೋಪಾನ. ರೇಯಾನ್ ಕ್ರೇಪ್ ನೀರಿಗೆ ಬಿದ್ದರೆ ಕುಗ್ಗುತ್ತದೆ, ಒದ್ದೆಯಾದಾಗ ಎಳೆಯೂ ದುರ್ಬಲ. 40ರ ದಶಕದ ಡ್ರೆಸ್ಸುಗಳಲ್ಲಿ ಅದು ಬಹಳ. ನಿಮಗೆ ಅಳತೆ ಸರಿಹೋದ ಅಪರೂಪದ ಡ್ರೆಸ್ ಒಂದೇ ಒಗೆತಕ್ಕೆ ಎರಡು ಸೈಜ್ ಚಿಕ್ಕದಾಗಬಹುದು. ಬಟ್ಟೆ ಯಾವುದು ಎಂದು ಖಾತ್ರಿ ಇಲ್ಲದಿದ್ದರೆ ಡ್ರೈ ಕ್ಲೀನಿಂಗ್‌ಗೇ ಕೊಡಿ. ಹೆಣಿಗೆಯದು ಮತ್ತು ಕ್ರಾಸ್ ಕತ್ತರಿಸಿದ್ದನ್ನು ನೇತುಹಾಕಬೇಡಿ, ತನ್ನದೇ ಭಾರಕ್ಕೆ ಉದ್ದವಾಗುತ್ತದೆ, ಮಡಚಿಡಿ. ಉಳಿದವಕ್ಕೆ ಅಗಲವಾದ, ಬಟ್ಟೆ ಸುತ್ತಿದ ಹ್ಯಾಂಗರ್ ಬೇಕು. ಕಂಕುಳ ಒಳಗೆ ಹತ್ತಿಯ ಎರಡು ಪದರದ ತುಂಡನ್ನು ಸಡಿಲ ಹೊಲಿಗೆಯಲ್ಲಿ ಕೂರಿಸಿಕೊಳ್ಳಿ. ಪ್ರತಿ ಸಲ ಹಾಕಿದ ಮೇಲೆ ಅದನ್ನಷ್ಟೇ ಬಿಚ್ಚಿ ಒಗೆದು, ಡ್ರೆಸ್ಸನ್ನು ಒಂದು ರಾತ್ರಿ ಗಾಳಿಗೆ ಬಿಟ್ಟರೆ ಸಾಕು.